ಅಪ್ಪ-ಮಗ ಇಬ್ಬರೇ ಹೋಗುವ ಎರಡು ದಿನದ ರಿಟ್ರೀಟ್: ನಾವು ಹೋಗಿ ಬಂದೆವು

ಕಳೆದ ತಿಂಗಳು ನಾನು ಮತ್ತೆ ನನ್ನ ಮಗ ಅಪ್ಪ-ಮಕ್ಕಳ ರಿಟ್ರೀಟಿಗೆ, ಅಂದ್ರೆ ಚರ್ಚಿನ ಕಡೆಯ ಧ್ಯಾನ ಶಿಬಿರಕ್ಕೆ, ಹೋಗಿ ಬಂದೆವು. ಶನಿವಾರ ಬೆಳಿಗ್ಗೆ ಎಂಟೂವರೆಯಿಂದ ಆದಿತ್ಯವಾರ ಸಂಜೆ ನಾಲ್ಕರವರೆಗೆ, ಜಾಗ ಮಂಗಳೂರಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ, ಇಬ್ಬರಿಗೆ ಸೇರಿ 1,800 ರೂಪಾಯಿ, ಊಟ ವಸತಿ ಎಲ್ಲ ಅದರಲ್ಲೇ. ಸೆಂಟರಿನ ಹೆಸರು ಇಲ್ಲಿ ಹಾಕುದಿಲ್ಲ, ಯಾಕಂದ್ರೆ ಒಂದೆರಡು ದೂರು ಸಹ ಹೇಳ್ಲಿಕ್ಕುಂಟು. ಬೇಕಾದವರು ನಿಮ್ಮ ಚರ್ಚಿನ ಆಫೀಸಲ್ಲಿ ಕೇಳಿ, ಗೊತ್ತಾಗ್ತದೆ. 12ರಿಂದ 16 ವರ್ಷದ ಗಂಡು ಮಕ್ಕಳಿಗೆ ಅಂತ ಮಾಡಿದ್ದು, ನನ್ನವನಿಗೆ 13.

ನಾನು ಒಂಬತ್ತು ವರ್ಷ ಕುವೈಟಲ್ಲಿದ್ದೆ, ಬಂದು ಎರಡು ವರ್ಷ ಆಯ್ತು. ನಮ್ಮ ಕಡೆ ಇದು ಮನೆಮನೆ ಕಥೆ, ಅಪ್ಪ ಗಲ್ಫಲ್ಲಿ, ಮಗ ಅಮ್ಮನ ಹತ್ತಿರ, ವರ್ಷಕ್ಕೊಮ್ಮೆ ಮೂವತ್ತು ದಿನ ಚಾಕಲೇಟ್ ಹಿಡ್ಕೊಂಡು ಬಂದು ಹೋಗುದು. ನಾನು ವಾಪಸ್ ಬಂದಾಗ ಮಗನಿಗೆ ನನ್ನ ಹತ್ತಿರ ಮಾತಾಡ್ಲಿಕ್ಕೆ ಏನೂ ಇರ್ಲಿಲ್ಲ, ನನಗೂ ಅಷ್ಟೇ. ಮೊಬೈಲಲ್ಲಿ ಅವ ನೋಡ್ತಿದ್ದ ವಿಡಿಯೋಗಳೆಲ್ಲ ಜಿಮ್ ಬಾಡಿ, ದುಡ್ಡು, ಕಾರು, ಹುಡುಗಿಯರನ್ನು ಹೇಗೆ ಹದ್ದುಬಸ್ತಲ್ಲಿ ಇಡುದು ಅಂತ ಬೋಧನೆ ಮಾಡುವ ಗಡ್ಡದ ಗಂಡಸರದ್ದು. ಅದನ್ನು ನೋಡಿ ನನಗೆ ನಿಜವಾಗಿ ಹೆದರಿಕೆ ಆಯ್ತು. ನಾನು ಕಲಿಸದೆ ಬಿಟ್ಟದ್ದನ್ನು ಯಾರೋ ಗುರ್ತಿಲ್ಲದವ ಕಲಿಸ್ತಾ ಇದ್ದ. ಹಾಗೆ ಹೆಸರು ಕೊಟ್ಟದ್ದು.

ಹೋದ ಕೂಡ್ಲೇ ಫೋನ್ ತೆಗೆದುಕೊಂಡ್ರು, ಅಪ್ಪಂದಿರದ್ದೂ. 22 ಜೋಡಿ ಇದ್ದೆವು. ಅದರಲ್ಲಿ ಮೂವರು ಹುಡುಗರು ಅಜ್ಜನ ಜೊತೆ ಅಥವಾ ಸೋದರಮಾವನ ಜೊತೆ ಬಂದವರು, ಒಬ್ಬನ ಅಪ್ಪ ತೀರಿಹೋಗಿದ್ದಾರೆ, ಇಬ್ಬರದ್ದು ದೋಹಾದಲ್ಲಿ. ಅವರನ್ನು ಸಹ ಸೇರಿಸಿಕೊಂಡದ್ದು ಬಹಳ ಒಳ್ಳೇದಾಯ್ತು, ಅಪ್ಪ ಇಲ್ಲ ಅಂತ ಮಗು ಹೊರಗೆ ಉಳೀಬಾರದು ನೋಡಿ.

ಮೊದಲ ಸೆಶನ್ ಫಾದರ್ ಒಬ್ಬರದ್ದು, ಐವತ್ತರ ಹತ್ತಿರದವರು, ಮೆಲ್ಲ ಮಾತು. ಹುಡುಗರಿಗೆ ಒಂದು ಚೀಟಿ, ನಮಗೆ ಒಂದು ಚೀಟಿ, ಧೈರ್ಯ ಅಂದ್ರೆ ಎಂತ ಬರೀರಿ ಅಂದ್ರು. ಹುಡುಗರು ಬರೆದದ್ದು ಪೆಟ್ಟು ಕೊಡುದು, ಬೈಕ್ ಓಡಿಸುದು, ಸಮುದ್ರಕ್ಕೆ ಹಾರುದು. ನಾವು ಬರೆದದ್ದು ಸಾಲ ತೀರಿಸುದು, ಮನೆ ಕಟ್ಟುದು, ಪರದೇಶಕ್ಕೆ ಹೋಗುದು. ಫಾದರ್ ಎಲ್ಲವನ್ನೂ ಓದಿ, ಯಾವುದನ್ನೂ ತಪ್ಪು ಅನ್ನದೆ, ಅತ್ತೂರಿಗೆ ಹೋದವರು ಕೈ ಎತ್ತಿ ಅಂದ್ರು. ಎಲ್ಲರ ಕೈ ಮೇಲೆ. ಕಾರ್ಕಳದ ಅತ್ತೂರು ಜಾತ್ರೆಗೆ ಜನವರಿಯಲ್ಲಿ ಹೋಗದವರು ನಮ್ಮಲ್ಲಿ ಯಾರಿದ್ದಾರೆ, ಎಲ್ಲ ಜಾತಿ ಧರ್ಮದವರು ಹೋಗಿ ಮೇಣದಬತ್ತಿ ಹಚ್ಚಿ ಬರ್ತಾರೆ. ಅಲ್ಲಿಯ ಚರ್ಚು ಯಾರ ಹೆಸರಲ್ಲಿ ಉಂಟೋ ಆ ಸಂತ ಲಾರೆನ್ಸರು ಯಾರು ಅಂತ ಕೇಳಿದ್ರೆ ಒಬ್ಬ ಹುಡುಗನಿಗೂ ಗೊತ್ತಿಲ್ಲ, ಅಪ್ಪಂದಿರಲ್ಲಿ ಸಹ ನಾಲ್ಕೈದು ಜನಕ್ಕೆ ಮಾತ್ರ. ಅವರು ರೋಮಿನ ಚರ್ಚಿನಲ್ಲಿ ಡೀಕನ್, ಅಂದ್ರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಸೇವಕ, ಬಡವರಿಗೆ ಹಂಚುವ ಹಣದ ಉಸ್ತುವಾರಿ ಅವರದ್ದು. ಕ್ರಿಸ್ತಶಕ 258ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಚರ್ಚಿನ ಸಂಪತ್ತು ತಂದು ಒಪ್ಪಿಸು ಅಂತ ಅಧಿಕಾರಿ ಹೇಳಿದಾಗ, ಪರಂಪರೆಯ ಕಥೆ ಪ್ರಕಾರ, ಇದ್ದದ್ದನ್ನೆಲ್ಲ ಹಂಚಿ ಊರಿನ ಕುಂಟರು ಕುರುಡರು ಭಿಕ್ಷುಕರನ್ನು ಕರ್ಕೊಂಡು ಹೋಗಿ ಇವರೇ ನಮ್ಮ ಸಂಪತ್ತು ಅಂತ ನಿಲ್ಲಿಸಿದ್ರು, ಅದಕ್ಕೆ ಜೀವ ಕೊಟ್ರು. ಇಷ್ಟು ಹೇಳಿ ಫಾದರ್ ಸುಮ್ಮನಾದ್ರು. ಹಾಲಿನಲ್ಲಿ ಫ್ಯಾನಿನ ಶಬ್ದ ಮಾತ್ರ.

ಆಮೇಲೆ ಸಂತ ಅಲೋಶಿಯಸ್. ಮಂಗಳೂರಲ್ಲಿ ಆ ಹೆಸರು ಕೇಳಿದ್ರೆ ಎಲ್ಲರಿಗೂ ಕಾಲೇಜು ನೆನಪಾಗುದು, ಬಾವುಟಗುಡ್ಡೆಯ ಚಾಪೆಲ್ ನೆನಪಾಗುದು, ಇಟಲಿಯ ಬ್ರದರ್ ಆಂಟೋನಿಯೋ ಮೊಸ್ಕೇನಿ ಗೋಡೆ ಮಾಡೆಲ್ಲ ತುಂಬಿಸಿ ಬರೆದ ಚಿತ್ರ ನೋಡ್ಲಿಕ್ಕೆ ಟೂರಿಸ್ಟುಗಳು ಬರುದು. ಆ ಸಂತ ಶ್ರೀಮಂತ ಮನೆತನದ ಹಿರಿಮಗ, ಅಪ್ಪ ಅವನನ್ನು ಸೈನ್ಯಕ್ಕೆ ಅಂತ ಚಿಕ್ಕದರಲ್ಲೇ ತಯಾರು ಮಾಡಿದ್ದು, ಅವ ಪಿತ್ರಾರ್ಜಿತ ಎಲ್ಲ ತಮ್ಮನಿಗೆ ಬಿಟ್ಟು ಯೇಸುಸಭೆಗೆ, ಅಂದ್ರೆ ಜೆಸ್ವಿಟ್ ಸನ್ಯಾಸಿಗಳ ಸಂಘಕ್ಕೆ, ಸೇರಿದ. 1591ರಲ್ಲಿ ರೋಮಿಗೆ ಮಾರಿರೋಗ ಬಂದಾಗ ದಾರಿಯಲ್ಲಿ ಬಿದ್ದ ರೋಗಿಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದ, ಆ ವಾಸನೆಗೆ ಹೇಸಿಗೆ ಆಗ್ತಿದ್ರೂ ಬಿಡ್ಲಿಲ್ಲ, ರೋಗ ಅಂಟಿ ಜೂನ್ 21ಕ್ಕೆ ತೀರಿಹೋದ, ಆಗ ಪ್ರಾಯ 23. ನನ್ನ ಮಗ ಆ ಚಾಪೆಲ್ಲಿಗೆ ಎಷ್ಟು ಸಲ ಹೋಗಿದ್ದಾನೆ, ಮಾಡು ನೋಡಿ ಕತ್ತು ನೋವಾಗ್ತದೆ ಅಂತ ಹೇಳ್ತಿದ್ದ. ಮನೆಗೆ ಬಂದ ಮೇಲೆ ಇನ್ನೊಮ್ಮೆ ಹೋಗುವ ಅಂತ ಅವನೇ ಕೇಳಿದ.

ಫಾದರ್ ಹೇಳಿದ ಇನ್ನೊಂದು ವಿಷಯ ನನ್ನ ಮಂಡೆಯಿಂದ ಇನ್ನೂ ಹೋಗ್ಲಿಲ್ಲ. ಚರ್ಚ್ ಕಲಿಸುವ ನಾಲ್ಕು ಮುಖ್ಯ ಸದ್ಗುಣ ವಿವೇಕ, ನ್ಯಾಯ, ಧೈರ್ಯ, ಸಂಯಮ. ಅದರಲ್ಲಿ ಧೈರ್ಯದ ಬಗ್ಗೆ ಹಿಂದಿನ ಕಾಲದ ದೊಡ್ಡ ಧರ್ಮಪಂಡಿತ ಸಂತ ಥಾಮಸ್ ಅಕ್ವಿನಾಸ್ ಬರೀವಾಗ ಅದರ ದೊಡ್ಡ ಕೆಲಸ ಮೇಲೆ ಬಿದ್ದು ಹೊಡೆಯುದಲ್ಲ, ಕಷ್ಟ ಬಂದಾಗ ಜಾಗ ಬಿಡದೆ ತಡ್ಕೊಂಡು ನಿಲ್ಲುದು ಅಂತ ಹೇಳಿದ್ದಾರಂತೆ. ಆಗ ನನಗೆ ಕಣ್ಣೆದುರಿಗೆ ಬಂದದ್ದು ನನ್ನ ಹೆಂಡತಿ. ಒಂಬತ್ತು ವರ್ಷ ಮಳೆಗೆ ಮಾಡು ಸೋರಿದ್ರೂ, ಮಗನಿಗೆ ಡೆಂಗಿ ಬಂದ್ರೂ, ನನ್ನ ಅಪ್ಪ ಹಾಸಿಗೆ ಹಿಡಿದ್ರೂ ಅವಳು ಒಬ್ಬಳೇ ನಿಂತದ್ದು. ಮಗನಿಗೆ ಧೈರ್ಯ ಕಲಿಸ್ಲಿಕ್ಕೆ ನಾನು ಕರ್ಕೊಂಡು ಬಂದೆ, ಅವನಿಗೆ ಅದನ್ನು ಮನೆಯಲ್ಲಿ ದಿನಾ ತೋರಿಸಿದವಳು ಬೇರೆ.

ಇದಕ್ಕೇ ಮಧ್ಯಾಹ್ನದ ಮೇಲಿನ ಸೆಶನ್ ನನಗೆ ತಡ್ಕೊಳ್ಲಿಕ್ಕೆ ಆಗ್ಲಿಲ್ಲ. ಹೊರಗಿಂದ ಬಂದ ಒಬ್ಬ ಭಾಷಣಕಾರರು, ಒಂದೂವರೆ ಗಂಟೆ, ಸ್ಲೈಡೆಲ್ಲ ಇಂಗ್ಲಿಷ್, ಕನ್ನಡ ಮೀಡಿಯಮ್ಮಿನ ಹುಡುಗರು ಗೋಡೆ ನೋಡ್ತಾ ಕೂತಿದ್ರು. ಅಮ್ಮಂದಿರು ಮುದ್ದು ಮಾಡಿ ಮಾಡಿ ಹುಡುಗರು ಮೆತ್ತಗಾಗಿದ್ದಾರೆ, ಗಂಡಸು ಅಳಬಾರದು, ಗಂಡಸು ಮನೆಗೆ ತಲೆ, ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಹಾಗೆ ಹೇಳಿದ್ದಾರೆ ಅಂತ ಅವರ ಮಾತು. ನಾನು ಎದ್ದು ನಿಂತು ಕೇಳಿದೆ, ಸರ್, ಹೆಂಡತಿ ಗಂಡನಿಗೆ ತಗ್ಗಿ ನಡೀಬೇಕು ಅನ್ನುವ 5ನೇ ಅಧ್ಯಾಯದ 22ನೇ ವಚನ ಓದಿದ್ರಿ, 21ರಲ್ಲಿ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅಂತ ಉಂಟಲ್ಲ, 25ರಲ್ಲಿ ಕ್ರಿಸ್ತ ತನ್ನನ್ನೇ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಿ ಅಂತ ಉಂಟಲ್ಲ, ಅದನ್ನೂ ಓದಿ. ತೀರಿಹೋದ ಗೆಳೆಯ ಲಾಜರನ ಸಮಾಧಿ ಹತ್ತಿರ ಯೇಸು ಅತ್ತದ್ದು ಸಹ ಸುವಾರ್ತೆಯಲ್ಲೇ ಇರುದು. ಅವರಿಗೆ ಇಷ್ಟ ಆಗ್ಲಿಲ್ಲ. ಆದ್ರೆ ರಾತ್ರಿ ಫಾದರ್ ಎಲ್ಲರ ಎದುರು ಆ ಮೂರೂ ವಚನ ಓದಿಸಿದ್ರು, ಅದಕ್ಕೆ ಅವರಿಗೆ ಪೂರ್ತಿ ಮಾರ್ಕು. ಆ ಒಂದೂವರೆ ಗಂಟೆ ತೆಗೆದುಹಾಕಿ ಅಮ್ಮಂದಿರನ್ನು ಕೊನೇ ಎರಡು ಗಂಟೆಗಾದ್ರೂ ಕರೀಬೇಕು ಅಂತ ಫೀಡ್‌ಬ್ಯಾಕ್ ಫಾರ್ಮಲ್ಲಿ ಬರೆದು ಕೊಟ್ಟಿದ್ದೇನೆ.

ಊಟ ಗಮ್ಮತ್ತು, ಕುಚ್ಚಲಕ್ಕಿ ಅನ್ನ ಬಂಗುಡೆ ಗಸಿ, ಸಂಜೆ ಗೋಳಿಬಜೆ, ಆದಿತ್ಯವಾರ ಸಾನ್ನಾಂ ಮತ್ತೆ ಹಂದಿ ಮಾಂಸ. ಬಡಿಸುದು ಪಾತ್ರೆ ತೊಳೆಯುದು ಎಲ್ಲ ಹುಡುಗರು ಮತ್ತೆ ಅಪ್ಪಂದಿರು. 44 ಜನಕ್ಕೆ ನಾಲ್ಕೇ ಟಾಯ್ಲೆಟ್, ಆದಿತ್ಯವಾರ ಬೆಳಿಗ್ಗೆ ನೀರು ಖಾಲಿ, ಅದು ಸರಿಯಾಗ್ಬೇಕು.

ರಾತ್ರಿ ಯೇಸುವನ್ನು ಸಾಕಿದ ತಂದೆ ಸಂತ ಜೋಸೆಫರ ಬಗ್ಗೆ. ಪೋಪ್ ಫ್ರಾನ್ಸಿಸ್ 2020ರ ಡಿಸೆಂಬರ್ 8ಕ್ಕೆ ಅವರ ಬಗ್ಗೆ ಒಂದು ಪತ್ರ ಬರೆದಿದ್ದಾರೆ, ಪಾತ್ರಿಸ್ ಕೋರ್ದೆ, ತಂದೆಯ ಹೃದಯದಿಂದ ಅಂತ ಅರ್ಥ, 1870ರಲ್ಲಿ ಜೋಸೆಫರನ್ನು ಇಡೀ ಧರ್ಮಸಭೆಯ ಪಾಲಕ ಅಂತ ಘೋಷಿಸಿ 150 ವರ್ಷ ತುಂಬಿದ್ದಕ್ಕೆ. ಹುಟ್ಟುವಾಗಲೇ ಯಾರೂ ತಂದೆ ಆಗಿರುದಿಲ್ಲ, ಮಗುವಿನ ಜವಾಬ್ದಾರಿ ಹೊತ್ತು ತಂದೆ ಆಗುದು ಅಂತ ಅದರಲ್ಲಿ ಉಂಟು. ಇಡೀ ಸುವಾರ್ತೆಯಲ್ಲಿ ಜೋಸೆಫರು ಆಡಿದ ಒಂದು ಮಾತು ಸಹ ಇಲ್ಲ. ರಾತ್ರಿ ಎದ್ದರು, ಮಗುವನ್ನೂ ತಾಯಿಯನ್ನೂ ಕರ್ಕೊಂಡು ಈಜಿಪ್ಟಿಗೆ ಹೊರಟರು. ಅವರೂ ಪರದೇಶಕ್ಕೆ ಹೋದವರೇ, ಆದ್ರೆ ಮಗುವನ್ನು ಕರ್ಕೊಂಡು ಹೋದ್ರು. ನಾನು ಬಿಟ್ಟು ಹೋದೆ. ಹೋಗದೆ ಬೇರೆ ದಾರಿ ಇರ್ಲಿಲ್ಲ, ಅದು ನನಗೂ ಗೊತ್ತು ಮನೆಯವರಿಗೂ ಗೊತ್ತು, ಆದ್ರೂ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಆದಿತ್ಯವಾರ ಪೂಜೆ ಆದ ಮೇಲೆ ಹತ್ತಿರದ ಒಂದು ವೃದ್ಧಾಶ್ರಮಕ್ಕೆ ಹೋದದ್ದು. ಹುಡುಗರ ಕೆಲಸ ಅಜ್ಜಂದಿರ ಉಗುರು ಕತ್ತರಿಸುದು. ನನ್ನ ಮಗ ಮೊದಲು ಹಿಂದೆ ಸರಿದ, ಆ ಅಜ್ಜನ ಕಾಲಿನ ಉಗುರು ದಪ್ಪ ಹಳದಿಯಾಗಿತ್ತು. ನಾನು ಏನೂ ಹೇಳ್ಲಿಲ್ಲ, ಪಕ್ಕದಲ್ಲಿ ಇನ್ನೊಬ್ಬ ಅಜ್ಜನ ಕಾಲು ಹಿಡಿದು ಕೂತೆ. ಐದು ನಿಮಿಷ ಬಿಟ್ಟು ನೋಡಿದ್ರೆ ಅವನೂ ನೆಲದ ಮೇಲೆ ಕೂತು, ಬಿಸಿನೀರಲ್ಲಿ ಬಟ್ಟೆ ಅದ್ದಿ ಆ ಕಾಲು ಒರೆಸ್ತಾ ಇದ್ದ.

ಕೊನೆಗೆ ಪತ್ರ. ಅಪ್ಪ ಮಗನಿಗೆ, ಮಗ ಅಪ್ಪನಿಗೆ ಬರೆದು ಗೇರುಮರದ ಕೆಳಗೆ ಕೂತು ಬದಲಾಯಿಸುದು. ಅವನ ಪತ್ರ ಆರೇ ಸಾಲು. ವಿಡಿಯೋ ಕಾಲಲ್ಲಿ ನೀವು ಮಾರ್ಕ್ಸ್ ಮಾತ್ರ ಕೇಳ್ತಿದ್ರಿ ಪಪ್ಪಾ, ನಾನು ಬೇರೆ ಏನಾದ್ರೂ ಹೇಳುವ ಅಂತ ಇದ್ದಾಗ ನೆಟ್ ಹೋಗ್ತಿತ್ತು, ಅಂತ. ಆಮೇಲೆ ಕ್ಲಾಸಲ್ಲಿ ತೊದಲುವ ಒಬ್ಬ ಹುಡುಗನನ್ನು ಎಲ್ಲ ಸೇರಿ ಗೇಲಿ ಮಾಡುವಾಗ ತಾನೂ ನಕ್ಕದ್ದು, ನಗದಿದ್ರೆ ತನಗೂ ಹಾಗೇ ಮಾಡ್ತಾರೆ ಅಂತ ಹೆದರಿದ್ದು. ನಾನು ಓದಿ ಮುಗಿಸಿ, ಮಾರ್ಕ್ಸಿನ ವಿಷಯಕ್ಕೆ ಸಾರಿ ಪುತಾ ಅಂದೆ. ನಾವು ಇಬ್ಬರೂ ಅತ್ತೆವು, ಅಕ್ಕಪಕ್ಕದ ಮರದ ಕೆಳಗೆ ಸಹ ಅದೇ ಆಗ್ತಾ ಇತ್ತು. ನನ್ನ ಅಪ್ಪ ನನ್ನ ಹತ್ತಿರ ಒಮ್ಮೆಯೂ ಸಾರಿ ಹೇಳಿದ್ದಿಲ್ಲ, ಅವರ ಅಪ್ಪ ಅವರಿಗೆ ಹೇಳಿರ್ಲಿಕ್ಕಿಲ್ಲ.

ಸೋಮವಾರ ಶಾಲೆಗೆ ಹೋಗುವಾಗ ಆ ಹುಡುಗನ ಹತ್ತಿರ ಮಾತಾಡ್ತೇನೆ ಅಂದ. ಅವತ್ತು ಆಗ್ಲಿಲ್ಲ, ಗುರುವಾರ ಮಾತಾಡಿದ. ಈಗ ಬಸ್ಸಲ್ಲಿ ಜೊತೆಗೆ ಕೂತ್ಕೊಳ್ತಾರಂತೆ, ಉಳಿದವರು ಇವನನ್ನೂ ಸೇರಿಸಿ ಗೇಲಿ ಮಾಡ್ತಾರೆ, ರಾತ್ರಿ ಊಟಕ್ಕೆ ಕೂತಾಗ ಅದನ್ನು ನನ್ನ ಹತ್ತಿರ ಹೇಳ್ತಾನೆ.

ಒಟ್ರಾಶಿ ಐದಕ್ಕೆ ನಾಲ್ಕು ಕೊಡ್ತೇನೆ, ಒಂದು ಹೋದದ್ದು ಆ ಭಾಷಣಕ್ಕೆ ಮತ್ತೆ ಟಾಯ್ಲೆಟ್ಟಿಗೆ. ಮುಂದಿನ ಬ್ಯಾಚ್ ಮಳೆಗಾಲ ಮುಗಿದ ಮೇಲೆ ಅಂತ ಹೇಳಿದ್ದಾರೆ, 25 ಜೋಡಿಗಿಂತ ಜಾಸ್ತಿ ತೆಗೆದುಕೊಳ್ಳುದಿಲ್ಲ, ಬೇಗ ಹೆಸರು ಕೊಡಿ. ಟಾರ್ಚ್, ಸೊಳ್ಳೆ ಬತ್ತಿ, ಒಂದು ಬಾಟ್ಲಿ ನೀರು ಜಾಸ್ತಿ ಇಟ್ಟುಕೊಳ್ಳಿ. ಅಪ್ಪ ಊರಲ್ಲಿ ಇಲ್ಲದ ಹುಡುಗರು ನಿಮ್ಮ ಚರ್ಚಿನ ವಾಡೆಯಲ್ಲಿ (ವಾರ್ಡಲ್ಲಿ) ಇದ್ರೆ ಅವರ ಮಾವನಿಗೋ ಅಜ್ಜನಿಗೋ ಹೇಳಿ, ಅಥವಾ ನನಗೆ ಹೇಳಿ, ನಾನು ಇನ್ನೊಮ್ಮೆ ಹೋಗ್ಲಿಕ್ಕೆ ತಯಾರಿದ್ದೇನೆ.