ಸುಬಾರು ಔಟ್‌ಬ್ಯಾಕ್ 2.5 ಆಟೋಮ್ಯಾಟಿಕ್ (2000–2004): ‘ಗೇರ್‌ಬಾಕ್ಸ್ ಹೋಯ್ತು’ ಅನ್ನುವ ಮುಂಚೆ

ಐದಕ್ಕೆ ನಾಲ್ಕು ಅಂಕ. ಕಳೆದ ಒಂದಂಕ ಪೂರ್ತಿ ಗೇರ್‌ಬಾಕ್ಸಿನ ಹಿಂತುದಿಗೆ ಸೇರಿದ್ದು. ಅಮೆರಿಕದ ಹಿಮದೂರುಗಳಿಗೆ ಓದಲೋ ಕೆಲಸಕ್ಕೋ ಹೋದ ನಮ್ಮವರು ಕಡಿಮೆ ದುಡ್ಡಿಗೆ ನಾಲ್ಕು ಚಕ್ರಕ್ಕೂ ಎಳೆತ ಇರುವ ಕಾರು ಹುಡುಕಿದಾಗ ಕಣ್ಣಿಗೆ ಬೀಳುವ ಗಾಡಿ ಇದು. ಒಳಗಿರುವ 4ಇಎಟಿ ನಾಲ್ಕು ಗೇರಿನ ಪೆಟ್ಟಿಗೆ ಗಟ್ಟಿಯದು. ಎಣ್ಣೆ ಬದಲಿಸುತ್ತಿದ್ದರೆ ಎರಡು ಲಕ್ಷ ಮೈಲಿ ದಾಟುವುದು ವಿಶೇಷವೇನಲ್ಲ. ಆದರೆ ಹಿಂಚಕ್ರಕ್ಕೆ ಶಕ್ತಿ ಕಳಿಸುವ ಟ್ರಾನ್ಸ್‌ಫರ್ ಕ್ಲಚ್ ಕೈಕೊಟ್ಟರೆ ಇಡೀ ಗೇರ್‌ಬಾಕ್ಸೇ ಸತ್ತಂತೆ ಕಾಣುತ್ತದೆ. ಹಳೆಯ ಮಾಲೀಕ ಅರ್ಧ ಬೆಲೆಗೆ ಮಾರುವುದೂ ಹೊಸ ಮಾಲೀಕ ಸುಮ್ಮನೆ ಗೇರ್‌ಬಾಕ್ಸ್ ಬದಲಿಸುವುದೂ ಇದರಿಂದಲೇ.

ಲಕ್ಷಣ ಹೀಗೆ. ಕಾರು ಚೆನ್ನಾಗಿ ಬಿಸಿಯಾದ ಮೇಲೆ ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಡಿ ಯಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸರಿಯಿರುವ ಗಾಡಿ ತಾನಾಗಿ ಉರುಳುತ್ತದೆ. ಕೆಟ್ಟಿದ್ದು ಯಾರೋ ಬ್ರೇಕ್ ಒತ್ತಿದ ಹಾಗೆ ತಡೆದು ತಡೆದು ಕುಪ್ಪಳಿಸುತ್ತದೆ. ತಿರುವಿನಲ್ಲಿ ಮುಂಚಕ್ರ, ಹಿಂಚಕ್ರ ಒಂದೇ ದೂರ ಓಡುವುದಿಲ್ಲ. ಆ ವ್ಯತ್ಯಾಸವನ್ನು ಕ್ಲಚ್ ಜಾರಿ ಸರಿದೂಗಿಸಬೇಕು. ಅದು ಬಿಗಿಯಾಗಿ ಹಿಡಿದುಕೊಂಡರೆ ಜಗಳ ಟೈರಿನಲ್ಲಿ ಕಾಣುತ್ತದೆ.

ಮೊದಲ ಪರೀಕ್ಷೆಗೆ ಬೇಕಾದ್ದು ಒಂದು 15 ಆಂಪಿಯರ್ ಫ್ಯೂಸ್ ಮಾತ್ರ. ಬಾನೆಟ್ ಒಳಗೆ ‘ಎಫ್‌ಡಬ್ಲ್ಯುಡಿ’ (ಮುಂಚಕ್ರಕ್ಕೆ ಮಾತ್ರ ಎಳೆತ) ಎಂದು ಬರೆದ ಖಾಲಿ ಫ್ಯೂಸ್ ಗೂಡಿದೆ. ಅದಕ್ಕೆ ಫ್ಯೂಸ್ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಅದೇ ಹೆಸರಿನ ದೀಪ ಹತ್ತಿ, ಕಂಪ್ಯೂಟರ್ ಈ ಕ್ಲಚ್ಚಿನ ಎಣ್ಣೆ ಒತ್ತಡ ನಿಯಂತ್ರಿಸುವ ವಿದ್ಯುತ್ ಕವಾಟವಾದ ‘ಡ್ಯೂಟಿ ಸಿ’ ಸೊಲೆನಾಯ್ಡ್‌ಗೆ ಹೆಚ್ಚುಕಡಿಮೆ ಪೂರ್ತಿ ಕರೆಂಟ್ ಕೊಟ್ಟು ಕ್ಲಚ್ ಬಿಡಿಸುತ್ತದೆ. ಈಗ ಅದೇ ತಿರುವು ಹೊಡೆಯಿರಿ. ಹಿಡಿತ ಹೋಯಿತೇ? ಹಾಗಾದರೆ ಸೊಲೆನಾಯ್ಡ್ ಜೀವಂತವಿದೆ, ಕ್ಲಚ್ಚೂ ಬಿಡುತ್ತಿದೆ. ದೋಷವನ್ನು ಟೈರಿನಲ್ಲೋ ಎಣ್ಣೆಯಲ್ಲೋ ಹುಡುಕಬೇಕು. ಹೋಗಲಿಲ್ಲವೇ? ಸೊಲೆನಾಯ್ಡ್ ಸತ್ತಿದೆ ಅಥವಾ ಕ್ಲಚ್ ಪ್ಲೇಟುಗಳು ಕೂರುವ ಡ್ರಮ್ ಸವೆದುಹೋಗಿದೆ. ಕರೆಂಟ್ ಇಲ್ಲದಿದ್ದರೆ ಈ ಕ್ಲಚ್ ಪೂರ್ತಿ ಬಿಗಿಯುವಂತೆಯೇ ಮಾಡಿದ್ದಾರೆ. ಹಿಮದಲ್ಲಿ ಎಳೆತ ತಪ್ಪಬಾರದೆಂಬ ಲೆಕ್ಕ ಇರಬೇಕು, ಡಾಂಬರು ರಸ್ತೆಯಲ್ಲಿ ಮಾತ್ರ ಅದೇ ಶಾಪ. (ವಿಡಿಸಿ ಎಂಬ ಜಾರಾಟ ತಡೆಯುವ ಏರ್ಪಾಡಿರುವ ಆರು ಸಿಲಿಂಡರಿನ ಔಟ್‌ಬ್ಯಾಕ್‌ನಲ್ಲಿ ವ್ಯವಸ್ಥೆಯೇ ಬೇರೆ, ಅಲ್ಲಿ ಈ ಫ್ಯೂಸ್ ಆಟ ನಡೆಯದು.)

ಎಂಜಿನ್ ಶುರು ಮಾಡಿದ ತಕ್ಷಣ ‘ಎಟಿ ಆಯಿಲ್ ಟೆಂಪ್’ ದೀಪ 16 ಸಲ ಮಿಟುಕಿದರೆ ಎಣ್ಣೆ ಕಾದಿದೆ ಎಂದಲ್ಲ, ಗೇರ್‌ಬಾಕ್ಸ್ ಕಂಪ್ಯೂಟರ್ ಯಾವುದೋ ದೋಷ ನೆನಪಿಟ್ಟುಕೊಂಡಿದೆ ಎಂದು. ಸಾದಾ ಬ್ಲೂಟೂತ್ ಸ್ಕ್ಯಾನರನ್ನು ಇಲ್ಲಿ ನಂಬಬೇಡಿ. ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸುವ ಕೆಕೆಎಲ್ ಕೇಬಲ್ಲು, ಉಚಿತವಾಗಿ ಸಿಗುವ ಫ್ರೀಎಸ್‌ಎಸ್‌ಎಂ ತಂತ್ರಾಂಶ ಇದ್ದರೆ ದೋಷದ ಕೋಡ್ ಓದಬಹುದು. ಡ್ಯೂಟಿ ಸಿ ಮೇಲೆ ಅನುಮಾನವಿದ್ದರೆ ಮೀಟರ್ ಹಿಡಿಯಿರಿ: ಸುಮಾರು 9ರಿಂದ 17 ಓಮ್ ಬರಬೇಕು. ಆ ಅಳತೆ ಸರಿಯಿದ್ದರೂ ಒಳಗಿನ ಕವಾಟ ಸಿಕ್ಕಿಕೊಂಡಿರಬಹುದು.

ಟೈರಿನ ಮಾತು ಅನೇಕರು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾಲ್ಕರ ಸುತ್ತಳತೆಯಲ್ಲಿ ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಒಂದೇ ಟೈರ್ ಹೊಸದು ಹಾಕಿದರೆ ನೇರ ರಸ್ತೆಯಲ್ಲೂ ಕ್ಲಚ್ ಸವೆಯುತ್ತಲೇ ಇರುತ್ತದೆ. ಸಣ್ಣ ಸ್ಟೆಪ್ನಿ ಹಾಕಿ ಓಡಿಸುವಾಗ ಆ ಫ್ಯೂಸ್ ಹಾಕಲೇಬೇಕು.

ಎಣ್ಣೆ: ಡೆಕ್ಸ್‌ರಾನ್ 3 ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ). ಒಟ್ಟು ಒಂಬತ್ತೂವರೆ ಲೀಟರ್ ಹತ್ತಿರ ಹಿಡಿಯುತ್ತದೆ, ಕೆಳಗಿನ ಬೋಲ್ಟ್ ಬಿಚ್ಚಿದರೆ ಬರುವುದು ನಾಲ್ಕರಿಂದ ನಾಲ್ಕೂವರೆ. ಹಾಗಾಗಿ ಒಂದೇ ಸಲಕ್ಕೆ ಕೆಲಸ ಮುಗಿಯದು. ಮೂರು ಸಲ ಇಳಿಸಿ ತುಂಬಿದರೆ ಶೇಕಡಾ 80ಕ್ಕಿಂತ ಹೆಚ್ಚು ಹೊಸ ಎಣ್ಣೆ ಆಗುತ್ತದೆ. ಮಧ್ಯೆ ಮಧ್ಯೆ ಒಂದಷ್ಟು ದೂರ ಓಡಿಸಿ, ಖಾಲಿ ಜಾಗದಲ್ಲಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಸುತ್ತಿಸಿ. ಅಂಟು ಹಿಡಿದ ಪ್ಲೇಟುಗಳು ಇಷ್ಟಕ್ಕೇ ಬಿಡುವುದುಂಟು. ಮಟ್ಟ ನೋಡಬೇಕಾದ್ದು ಎಣ್ಣೆ 60ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವಾಗ, ಎಂಜಿನ್ ಓಡುತ್ತಿರುವಾಗ. ಬದಿಯಲ್ಲಿ ಎಂಜಿನ್ ಆಯಿಲ್ ಫಿಲ್ಟರಿನಂತೆಯೇ ಕಾಣುವ ಎಟಿಎಫ್ ಫಿಲ್ಟರ್ ಇದೆ, ಅದನ್ನೂ ಬದಲಿಸಿ.

ಎಣ್ಣೆ ಅಂಗಡಿಯ ಹುಡುಗರು ಎಂಜಿನ್ ಎಣ್ಣೆ ಇಳಿಸುವ ಬೋಲ್ಟ್ ಅಂದುಕೊಂಡು ಗೇರ್‌ಬಾಕ್ಸ್ ಬೋಲ್ಟ್ ಬಿಚ್ಚಿ, ಮೇಲಿಂದ ಎಂಜಿನ್ನಿಗೆ ನಾಲ್ಕು ಲೀಟರ್ ಸುರಿದು ಕಳಿಸುವುದು ಈ ಕಾರಿನ ಹಳೆಯ ಕಥೆ. ಇಳಿಯುವುದು ಎಟಿಎಫ್‌ನಂತೆ ಕೆಂಪಗಿದ್ದರೆ ಅಲ್ಲೇ ನಿಲ್ಲಿಸಿ. ಮುಂದಿನ ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಇನ್ನೂ ಬೇರೆ: ಅದಕ್ಕೆ ಅದರದೇ ಡಿಪ್‌ಸ್ಟಿಕ್, 75ಡಬ್ಲ್ಯು-90 ಗೇರ್ ಆಯಿಲ್ 1.2 ಲೀಟರ್, ಅಷ್ಟೇ.

ಡ್ಯೂಟಿ ಸಿ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಎಟಿಎಫ್ ಇಳಿಸಿ, ಸೈಲೆನ್ಸರ್ ಪೈಪಿನ ಹಿಂಭಾಗ, ಅದರ ಶಾಖದ ತಗಡು, ಪ್ರೊಪೆಲ್ಲರ್ ಶಾಫ್ಟ್ ತೆಗೆಯಿರಿ. ಗೇರ್‌ಬಾಕ್ಸಿಗೆ ಜಾಕ್ ಆನಿಸಿ ಹಿಂದಿನ ಅಡ್ಡಪಟ್ಟಿ ಬಿಚ್ಚಿದರೆ ಹಿಂತುದಿಯ ಎಕ್ಸ್‌ಟೆನ್ಷನ್ ಕೇಸ್ ಕೈಗೆ ಬರುತ್ತದೆ. ಅದು ಕೈಯಲ್ಲಿರುವಾಗ ಡ್ರಮ್ ಒಳಗೋಡೆಯ ಮೇಲೆ ಉಗುರು ಎಳೆದು ನೋಡಿ. ಪ್ಲೇಟಿನ ಹಲ್ಲುಗಳು ಕೊರೆದ ಗೀರಿಗೆ ಉಗುರು ಸಿಕ್ಕಿಕೊಂಡರೆ ಸೊಲೆನಾಯ್ಡ್ ಒಂದನ್ನೇ ಹಾಕಿ ಮುಚ್ಚುವುದು ವ್ಯರ್ಥ. ಪ್ಲೇಟುಗಳು ಆ ಗೀರಿನಲ್ಲೇ ಸಿಕ್ಕಿ ಮತ್ತೆ ಹಿಡಿಯುತ್ತವೆ. ಡ್ರಮ್, ಪ್ಲೇಟ್ ಸೆಟ್, ಸೊಲೆನಾಯ್ಡ್, ಗ್ಯಾಸ್ಕೆಟ್, ಹಿಂದಿನ ಸೀಲ್ ಎಲ್ಲ ಒಟ್ಟಿಗೆ ತರಿಸಿ. ಹೊಸ ಪ್ಲೇಟುಗಳನ್ನು ಜೋಡಿಸುವ ಮುಂಚೆ ಎಟಿಎಫ್‌ನಲ್ಲಿ ನೆನೆಸಿ.

ಚಳಿಯ ಬೆಳಿಗ್ಗೆ ಡಿ ಗೆ ಹಾಕಿದರೆ ಗಾಡಿ ಎರಡು ಮೂರು ಕ್ಷಣ ಸುಮ್ಮನಿದ್ದು ಧಡ್ ಎಂದು ಹಿಡಿಯುತ್ತದೆ, ರಿವರ್ಸ್ ಮಾತ್ರ ತಕ್ಷಣ ಬರುತ್ತದೆ ಅಂದರೆ ಅದು ಬೇರೆ ರೋಗ. ಮುಂದಿನ ಗೇರುಗಳ ಕ್ಲಚ್ಚಿನ ರಬ್ಬರ್ ಸೀಲ್ ಗಡುಸಾಗಿ ಒತ್ತಡ ಸೋರುತ್ತಿದೆ. ಬ್ರೇಕ್ ಒತ್ತಿ ಡಿ ಯಲ್ಲಿಟ್ಟು ಕಾಯಿರಿ. ಎಂಜಿನ್ ರೊಯ್ಯನೆ ಏರಿಸಿದರೆ ಆ ಧಡ್‌ಗೆ ಪ್ಲೇಟು ಸುಟ್ಟುಕೊಳ್ಳುತ್ತದೆ. ಸೀಲ್ ಮೆದುಗೊಳಿಸುವ ಬಾಟಲಿ ಮದ್ದು ಕೆಲವಕ್ಕೆ ಕೆಲಸ ಮಾಡುತ್ತದೆ, ಆದರೆ ಅದು ಮುಂದೂಡಿಕೆ ಮಾತ್ರ. ನಿಜವಾದ ರಿಪೇರಿಗೆ ಗೇರ್‌ಬಾಕ್ಸ್ ಬಿಚ್ಚಲೇಬೇಕು.

ಹೆಡ್ ಗ್ಯಾಸ್ಕೆಟ್ಟಿಗೆ ಎಂಜಿನ್ ಇಳಿಸಿದಾಗ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಗೇರ್‌ಬಾಕ್ಸಿನಿಂದ ಕಳಚಿ ಬಂದಿದ್ದರೆ ಅದನ್ನು ತಿರುಗಿಸುತ್ತ ಒಳಗೆ ತಳ್ಳಿ ಪೂರ್ತಿ ಕೂರಿಸಬೇಕು. ಅರ್ಧ ಕೂತಿದ್ದರ ಮೇಲೆ ಎಂಜಿನ್ ಬೋಲ್ಟ್ ಬಿಗಿದರೆ ಗೇರ್‌ಬಾಕ್ಸಿನ ಎಣ್ಣೆ ಪಂಪು ಅಲ್ಲೇ ಪುಡಿ.

ಹಳೆಯ ಗೇರ್‌ಬಾಕ್ಸ್ ತಂದು ಹಾಕುವವರು ಫೈನಲ್ ಡ್ರೈವ್ (ಚಕ್ರಕ್ಕೆ ಶಕ್ತಿ ಹೋಗುವ ಮುಂಚಿನ ಕೊನೆಯ ಗೇರ್ ಜೋಡಿ) ಅನುಪಾತ ಕೇಳದೆ ದುಡ್ಡು ಕೊಡಬೇಡಿ. ಈ ಔಟ್‌ಬ್ಯಾಕ್‌ನದು 4.44, ಅದೇ ಕಾಲದ ಸುಬಾರುವಿನ ಸಾದಾ ಲೆಗಸಿ ಕಾರಿನದು 4.11. ಹಿಂದಿನ ಡಿಫರೆನ್ಷಿಯಲ್‌ಗೂ ಅದೇ ಸಂಖ್ಯೆ ಇರಬೇಕು, ಇಲ್ಲದಿದ್ದರೆ ಹೊಸದಾಗಿ ಕೂರಿಸಿದ ಕ್ಲಚ್ ನೇರ ರಸ್ತೆಯಲ್ಲೇ ಸುಟ್ಟುಹೋಗುತ್ತದೆ.