ತಟ್ಟು ಕುದುರೆ “ಸಾಕಾಕ ಬೇಕ್ರೀ” ಅಂತ ಬರೋರಿಗೆ ಕೊಡೋ ಮುಂಚೆ ಇದನ್ನು ಓದಿ

ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆ ಬೀದಿಗೆ ಬಿಟ್ಟ ಕುದುರೆ ಹಿಡಿದು ಆರೈಕೆ ಮಾಡಿ ಮನೆ ಹುಡುಕುತ್ತಿರೋರು ದಯವಿಟ್ಟು ಪೂರ್ತಿ ಓದಿ. ನಾವು ಕೊಟ್ಟದ್ದು ಹೆಣ್ಣು ತಟ್ಟು. ಸಿಕ್ಕಾಗ ಬೆನ್ನ ಮೇಲೆ ಜೀನಿನ ಹುಣ್ಣು ಕೀವಾಗಿತ್ತು, ಗೊರಸು ಬೆಳೆದು ಮುಂದಕ್ಕೆ ಚಾಚಿತ್ತು. ಹುಣ್ಣು ಮಾಯಿಸಿ, ಟಿಟಿ ಇಂಜೆಕ್ಷನ್, ಜಂತಿನ ಔಷಧಿ ಕೊಡಿಸಿ, ಗೊರಸು ಕೆತ್ತಿಸಿ ಕೊಟ್ಟಿದ್ದು. ಪುಕ್ಕಟೆ. ಅದು ಈಗ ಮದುವೆ ಮೆರವಣಿಗೆಯಲ್ಲಿ ದುಡೀತಿದೆ.

“ಮಕ್ಕಳು ಆಸೆ ಪಡ್ತಾವ್ರೀ ಸರ್, ಹೊಲದಾಗ ಅಡ್ಡಾಡಿಕೊಂಡು ಇರತೈತಿ” ಅಂತ ಬಂದವನು. ಏನು ತಿನ್ನುತ್ತೆ ಅಂತ ಕೇಳಲಿಲ್ಲ. ದಿನಕ್ಕೆ ಎಷ್ಟು ನೀರು ಅಂತ ಕೇಳಲಿಲ್ಲ. ಕೇಳಿದ್ದು ಇಷ್ಟೇ: “ಡಿಜೆ ಸೌಂಡಿಗೆ ಬೆದರತೈತೇನ್ರೀ?” “ಮ್ಯಾಲೆ ಕುಂತ್ರ ಕೊಸರತೈತೇನ್ರೀ?” ಹೊಲದಲ್ಲಿ ಯಾವ ಡಿಜೆ ಇರುತ್ತೆ? ಈ ಪ್ರಶ್ನೆ ಯಾರ ಬಾಯಲ್ಲಿ ಬಂದರೂ ಮಾತು ಅಲ್ಲಿಗೇ ನಿಲ್ಲಿಸಿ.

ವಾರ ವಾರ ಫೋಟೊ ಕಳಿಸಬೇಕು ಅನ್ನೋದು ಕರಾರು. ಕಳಿಸಿದ. ಎಲ್ಲ ಚೆನ್ನಾಗೇ ಕಾಣ್ತಿತ್ತು. ಯುಗಾದಿ ಮುಗಿದ ಮೇಲೆ ಬಂದ ಫೋಟೊ ದೊಡ್ಡದು ಮಾಡಿ ನೋಡಿದರೆ ಹಿಂದೆ ಎರೆ ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದು ಹಸಿರಾಗಿ ನಿಂತಿದೆ! ಹಿಂಗಾರಿ ಜೋಳ ಕಿತ್ತು ರಾಶಿ ಮಾಡಿ ಎಷ್ಟೋ ದಿನ ಆಗಿತ್ತು. ಆಮೇಲೆ ಗೊರಸು ನೋಡಿದ್ವಿ. ಗೊರಸು ತಿಂಗಳಿಗೆ 6ರಿಂದ 10 ಮಿ.ಮೀ. ಬೆಳೆಯುತ್ತೆ, 6–8 ವಾರಕ್ಕೊಮ್ಮೆ ಕೆತ್ತಿಸಲೇಬೇಕು. ಎಲ್ಲ ಫೋಟೊದಲ್ಲೂ ಒಂದೇ ಅಳತೆ, ನಾವು ಕೆತ್ತಿಸಿದ ಹೊಸ ಅಂಚು ಹಾಗೇ ಇದೆ. ಅಂದರೆ ಮೊದಲ ವಾರದಲ್ಲೇ ಒಂದು ರಾಶಿ ಫೋಟೊ ತೆಗೆದಿಟ್ಟುಕೊಂಡು ವಾರಕ್ಕೊಂದು ಬಿಡ್ತಿದ್ದ. ನಮ್ಮ ಕಣ್ಣಿಗೇ ಮಣ್ಣು.

ಕೇಳಿದ್ದಕ್ಕೆ ಉತ್ತರ ನೋಡಿ. ಮೊದಲು “ನೆಟ್‌ವರ್ಕ್ ಇಲ್ರೀ”. ಆಮೇಲೆ “ನಮ್ಮ ಮಾವನ ಹೊಲದಾಗ ಐತ್ರೀ”. ಈಗಲೇ ವಿಡಿಯೊ ಕಾಲ್‌ನಲ್ಲಿ ಮುಂಗಾಲು ತೋರಿಸಪ್ಪ ಅಂದರೆ ಫೋನ್ ಕಟ್. ಮೆರವಣಿಗೆಯ ವಿಡಿಯೊ ಯಾರೋ ಕಳಿಸಿದರು, ಅದನ್ನೇ ಅವನಿಗೆ ಕಳಿಸಿದ್ವಿ. “ಅದು ನಿಮ್ಮ ಕುದುರಿ ಅಲ್ರೀ, ಬ್ಯಾರೆ.” ಹಣೆಯ ಸುಳಿ ತೋರಿಸಿದ ಮೇಲೆ ಕೊನೇ ಮಾತು: “ಕುದುರಿ ಅಂದಮ್ಯಾಲ ದುಡೀಬೇಕ್ರೀ, ಕುಂದ್ರಿಸಿ ಮೇಯಿಸಾಕ ಆಗತೈತೇನು? ಕೊಟ್ಟಮ್ಯಾಲ ಕೇಳಬಾರದು.” ಕೇಳಬಾರದಂತೆ!

ಅದರ ತೂಕ 200 ಕೆ.ಜಿ. ಆಸುಪಾಸು. ಅಂಥ ಪ್ರಾಣಿ ಹೊರಬಹುದಾದದ್ದು ಮೈತೂಕದ ಐದನೇ ಒಂದು ಪಾಲು, ಜೀನೂ ಸೇರಿ 40 ಕೆ.ಜಿ. ಮದುಮಗ, ಅಲಂಕಾರದ ಜೀನು ಎಲ್ಲ ಸೇರಿದರೆ ಅದರ ಎರಡರಷ್ಟು, ಅದೂ ಈಗಷ್ಟೇ ಮಾಯ್ದ ಹುಣ್ಣಿನ ಮೇಲೆ. ಬೇಗ ಮೈ ಕೈ ತುಂಬಲಿ ಅಂತ ಇಂಥವರು ಮೆಕ್ಕೆಜೋಳ ಸುರೀತಾರೆ. ಕಾಳು ಹೆಚ್ಚಾದರೆ ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಒದ್ದಾಡಿ ಸಾಯುತ್ತೆ. ಉಳಿದರೂ ಗೊರಸಿನೊಳಗೆ ಉರಿಯೂತವಾಗಿ ಕಾಯಂ ಕುಂಟು. ಅದಕ್ಕೆ ಬೇಕಿರೋದು ದಿನಕ್ಕೆ ನಾಲ್ಕು ಕೆ.ಜಿ. ಒಣ ಮೇವು, 20–25 ಲೀಟರ್ ನೀರು, ಕಲ್ಲುಪ್ಪು. ಇಷ್ಟೇ!

ದೂರು ಕೊಡಿ ಅಂತೀರಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಒಂದು ಮೆರವಣಿಗೆ ಬಾಡಿಗೆ ಎಷ್ಟು ಅಂತ ನಿಮಗೇ ಗೊತ್ತು. ಅವನಿಗ್ಯಾಕೆ ಹೆದರಿಕೆ?

ಹಾಗಾಗಿ ಬಾಂಡ್ ಪೇಪರ್ ಮೇಲೆ ಬರೆಸಿಕೊಳ್ಳದೆ ಕೊಡಬೇಡಿ. ಬಾಡಿಗೆಗೆ, ಮೆರವಣಿಗೆಗೆ, ಮರಿ ಮಾಡಿಸೋಕೆ ಬಳಸಬಾರದು, ಮಾರಬಾರದು, ಸಾಕೋಕೆ ಆಗದಿದ್ದರೆ ನಮಗೇ ವಾಪಸ್. ಈ ಸಾಲುಗಳು ಇರಲೇಬೇಕು. ಆಧಾರ್ ಪ್ರತಿ ತಗೊಳ್ಳಿ, ಕೊಟ್ಟಿಗೆ ಕಣ್ಣಾರೆ ನೋಡಿ ಬನ್ನಿ. ಸುಳಿ, ಕಾಲಿನ ಬಿಳಿ, ಹಳೇ ಗಾಯದ ಕಲೆ ಹತ್ತಿರದಿಂದ ಫೋಟೊ ತೆಗೆದಿಡಿ, ಸುಳಿಯ ಜಾಗ ಸಾಯೋವರೆಗೂ ಬದಲಾಗಲ್ಲ. ಫೋಟೊ ನಂಬಬೇಡಿ, ವಿಡಿಯೊ ಕಾಲ್, ಅದೂ ಹೇಳದೇ ಕೇಳದೇ. ಸಾಗಿಸೋ ಮುಂಚೆ ಗ್ಲಾಂಡರ್ಸ್ ಅನ್ನೋ ಕುದುರೆಗಳ ಅಂಟುರೋಗಕ್ಕೆ ರಕ್ತಪರೀಕ್ಷೆ ಮಾಡಿಸಿ, ಆ ರೋಗ ಮನುಷ್ಯರಿಗೂ ಬರುತ್ತೆ.

ನಮ್ಮ ತಟ್ಟು ಕಂದು ಬಣ್ಣ. ಹಣೆ ಮೇಲೆ ಪಕ್ಕಪಕ್ಕ ಎರಡು ಸುಳಿ, ಎಡ ಹಿಂಗಾಲು ಗೊರಸಿನ ಮೇಲೆ ಬಿಳಿ, ಬೆನ್ನಲ್ಲಿ ಹುಣ್ಣು ಮಾಯ್ದ ಕಡೆ ಅಂಗೈ ಅಗಲ ಬಿಳಿ ಕೂದಲು. ಜೀನು ಹಾಕಿದರೆ ಆ ಕಲೆ ಕಾಣಲ್ಲ, ಹಣೆ ನೋಡಿ. ಎಲ್ಲೇ ಮೆರವಣಿಗೆಯಲ್ಲಿ ಕಂಡರೂ ವಿಡಿಯೊ ಮಾಡಿ ಕೂಡಲೇ ತಿಳಿಸಿ, ಗಾಯ ಇದ್ದರೆ 1962ಕ್ಕೆ ಫೋನ್ ಮಾಡಿ ಪಶುವೈದ್ಯರ ಗಾಡಿ ಕರೆಸಿ.