ಹದ್ದಿನ ಆವರಣಕ್ಕೆ ಬಿದಿರಿನ ಶೀಟು ಮತ್ತು ಗಂಟಿಲ್ಲದ ಬಲೆ

ಬೆಂಗಳೂರಿನಲ್ಲಿ ಆಷಾಢದ ಗಾಳಿ ಎದ್ದಿತೆಂದರೆ, ಗಾಳಿಪಟದ ಮಾಂಜಾಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಹದ್ದುಗಳು ಪುನರ್ವಸತಿ ಕೇಂದ್ರಗಳಿಗೆ ಬರತೊಡಗುತ್ತವೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ದೇಶದಾದ್ಯಂತ ನಿಷೇಧಿಸಿದ್ದರೂ ಮರದ ಕೊಂಬೆಗಳಲ್ಲಿ ಅದು ಇಂದಿಗೂ ನೇತಾಡುತ್ತಿದೆ. ಗಾಯ ಮಾಗಿದ ಹಕ್ಕಿಯನ್ನು ಕೂಡಲೇ ಹೊರಗೆ ಬಿಡುವಂತಿಲ್ಲ. ಕ್ಷೀಣಿಸಿದ ಸ್ನಾಯುಗಳಿಗೆ ಮತ್ತೆ ಬಲ ಬರುವವರೆಗೆ ಅದು ಹಾರಾಡಬಲ್ಲಷ್ಟು ದೊಡ್ಡ ಆವರಣದಲ್ಲಿ ಇರಬೇಕಾಗುತ್ತದೆ. ನಗರದ ಹೊರವಲಯದ ಇಂಥದೊಂದು ಕೇಂದ್ರದಲ್ಲಿ ಆವರಣದ ಚಾವಣಿಗೆ ಸಾಮಗ್ರಿ ಆರಿಸಿ ಹೊದಿಸುವ ಕೆಲಸದಲ್ಲಿ ನಾನು ಕೈಜೋಡಿಸಿದ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದ್ದು, ಗರುಡ, ಗೂಬೆಗಳನ್ನು ಮನೆಯಲ್ಲಿ ಸಾಕುವಂತಿಲ್ಲವಾದ್ದರಿಂದ, ಈ ವಿಮರ್ಶೆ ಅನುಮತಿ ಪಡೆದ ಕೇಂದ್ರಗಳಿಗೆ ಮತ್ತು ಅಲ್ಲಿ ದುಡಿಯುವವರಿಗೆ ಮಾತ್ರ ಉಪಯೋಗಕ್ಕೆ ಬರುವಂಥದು.

ಮನೆಗೋ ಗೋದಾಮಿಗೋ ಶೀಟು ಕೊಳ್ಳುವಾಗ ಅದರ ಮೇಲ್ಮೈಯನ್ನು ಪರೀಕ್ಷಿಸುತ್ತೇವೆ: ಬಣ್ಣ ಉಳಿಯುತ್ತದೆಯೇ, ತುಕ್ಕು ಹಿಡಿಯುತ್ತದೆಯೇ, ನೀರು ಸೋರುತ್ತದೆಯೇ ಎಂದು ಕೇಳುತ್ತೇವೆ. ಬೇಟೆಹಕ್ಕಿಯ ಆವರಣದಲ್ಲಿ ಇದಕ್ಕಿಂತ ಮುಖ್ಯವಾದುದು ಚಾವಣಿಯ ಒಳಮೈ. ಬೆದರಿದ ಹದ್ದು ಬದಿಗೆ ಸರಿಯುವುದಿಲ್ಲ, ಮೇಲಕ್ಕೆ ಚಿಮ್ಮುತ್ತದೆ. ಆಗ ತಲೆಗೆ, ಕೊಕ್ಕಿನ ಬುಡದ ಮೆತ್ತನೆಯ ಹಳದಿ ಚರ್ಮಕ್ಕೆ, ರೆಕ್ಕೆಯ ಮಣಿಕಟ್ಟಿಗೆ ಮತ್ತು ಹಾರುಗರಿಗಳಿಗೆ ಏನು ತಗುಲುತ್ತದೆ ಎಂಬುದರ ಮೇಲೆ ಅದರ ಬಿಡುಗಡೆ ನಿಂತಿರುತ್ತದೆ. ಮುರಿದ ಹಾರುಗರಿ ಅಲ್ಲಿಯೇ ಮತ್ತೆ ಬೆಳೆಯುವುದಿಲ್ಲ. ಉಳಿದ ಮೋಟು ಉದುರಿ ಹೊಸದು ಹುಟ್ಟುವವರೆಗೆ, ಅಂದರೆ ಹಲವು ತಿಂಗಳು, ಕಾಯಬೇಕು. ಇಲ್ಲವೇ ಸತ್ತ ಹಕ್ಕಿಯ ಗರಿಯನ್ನು ಮೋಟಿಗೆ ಕಸಿ ಮಾಡುವ ನಾಜೂಕಿನ ಕೆಲಸ ಬಲ್ಲವರು ಸಿಗಬೇಕು. ಗಾಯ ವಾಸಿಯಾದ ಮೇಲೂ ಗರಿ ಮುರಿದ ಕಾರಣಕ್ಕೇ ಹಕ್ಕಿ ಸೆರೆಯಲ್ಲಿ ಉಳಿಯುವುದನ್ನು ಕಂಡವರಿಗೆ ಈ ಮಾತು ಅತಿಯೆನಿಸಲಾರದು.

ಈ ದೃಷ್ಟಿಯಿಂದ ನೋಡಿದಾಗ ಪೇಟೆಯ ಹಲವು ಸರಕುಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ಕಲ್ನಾರಿನ ಸಿಮೆಂಟ್ ಶೀಟು ಅಗ್ಗ. ಆದರೆ ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂದು ಸ್ಥಿರಪಟ್ಟಿರುವಾಗ, ಅದನ್ನು ಕೊರೆದು ಕೂಡಿಸುವ ಕೆಲಸಗಾರನನ್ನು ನೆನೆದರೂ ಸಾಕು, ಕೈಬಿಡಬೇಕೆನಿಸುತ್ತದೆ. ಜಿಂಕ್ ಲೇಪದ ತಗಡು ಬಾಳಿಕೆ ಬರುತ್ತದೆ, ನಿಜ. ಆದರೆ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಊರಿನಲ್ಲಿ ಬರಿಯ ತಗಡಿನಡಿ ಹಕ್ಕಿಯನ್ನು ಕೂರಿಸುವುದು ಅದನ್ನು ಕಾವಲಿಯ ಮೇಲೆ ಇಟ್ಟಂತೆಯೇ ಸರಿ. ಮೇಲಾಗಿ ಗುಡುಗು ಮಳೆಯ ಸದ್ದಿಗೆ ಹೊಸದಾಗಿ ಬಂದ ಹಕ್ಕಿಗಳು ಬೆಚ್ಚಿ ಎಲ್ಲೆಂದರಲ್ಲಿ ಬಡಿದುಕೊಳ್ಳುತ್ತವೆ. ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟು ನೋಡುವವರ ಕಣ್ಣಿಗೆ ಚೆಂದ, ಹಕ್ಕಿಗೆ ಅಪಾಯ. ಅದರಾಚೆಗೆ ಕಾಣುವ ಆಕಾಶವನ್ನು ಬಯಲೆಂದೇ ತಿಳಿದು ಹದ್ದು ನೇರವಾಗಿ ಹಾರಿ ತಲೆ ಬಡಿಸಿಕೊಳ್ಳುತ್ತದೆ. ಹಾಲುಬಣ್ಣದ ಶೀಟಾದರೆ ಈ ಅಪಾಯ ಕಡಿಮೆ. ಅದನ್ನು ಆರಿಸುವವರು ಎರಡು ವಿಷಯ ಗಮನಿಸಬೇಕು: ಅತಿನೇರಳೆ ಕಿರಣವನ್ನು ತಡೆಯುವ ಲೇಪವಿರುವ ಮೈ ಮೇಲಕ್ಕೇ ಬರಬೇಕು, ಮತ್ತು ಮೂರು ಮೀಟರ್ ಉದ್ದದ ಶೀಟು 40 ಡಿಗ್ರಿಯ ಏರಿಳಿತಕ್ಕೆ ಸುಮಾರು 8 ಮಿಲಿಮೀಟರ್ ಹಿಗ್ಗುವುದರಿಂದ ಸ್ಕ್ರೂ ತೂತುಗಳನ್ನು ಸಡಿಲವಾಗಿಯೇ ಕೊರೆಯಬೇಕು.

ನಾವು ಕೊನೆಗೆ ಒಪ್ಪಿದ್ದು ಬಿದಿರಿನ ಚಾವಣಿ ಶೀಟನ್ನು. ಹೆಣೆದ ಬಿದಿರು ಚಾಪೆಗಳನ್ನು ಫೀನಾಲಿಕ್ ಅಂಟಿನಲ್ಲಿ ನೆನೆಸಿ, ಪದರ ಪದರವಾಗಿ ಜೋಡಿಸಿ, ಶಾಖ ಮತ್ತು ಒತ್ತಡದಲ್ಲಿ ಅಲೆಯಾಕಾರಕ್ಕೆ ತಂದ ಈ ಶೀಟನ್ನು ರೂಪಿಸಿದ್ದರಲ್ಲಿ ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯಾದ ಇಪಿರ್ಟಿಯ ಪಾತ್ರ ದೊಡ್ಡದು. ನಮ್ಮೂರಿನಲ್ಲೇ ಹುಟ್ಟಿದ ಸಾಮಗ್ರಿ ನಮ್ಮ ಗುತ್ತಿಗೆದಾರರಿಗೇ ಅಪರಿಚಿತವಾಗಿರುವುದು ಬೇಸರದ ಸಂಗತಿ. ಇದರ ಒಳಮೈ ತಗಡಿನಂತೆ ಕಾಯುವುದಿಲ್ಲ. ಮಳೆಯ ಸದ್ದು ಕೇಳಿಸುತ್ತದೆಯಾದರೂ ಮಂದವಾಗಿ, ಹೆಂಚಿನ ಮನೆಯೊಳಗೆ ಕೇಳಿಸುವಷ್ಟೇ ಮೆತ್ತಗೆ. ನಸುಗಂದು ಬಣ್ಣದ ಆ ನೆರಳಿನಲ್ಲಿ ಹೆದರಿದ ಹಕ್ಕಿ ಬೇಗ ಶಾಂತವಾಗುತ್ತದೆ, ಗೂಬೆಗಳಂತೂ ಹಗಲೆಲ್ಲ ಅಲ್ಲಿಂದ ಕದಲುವುದಿಲ್ಲ. ಕುಂದುಗಳೂ ಇವೆ. ಬೇಡಿಕೆ ಕಡಿಮೆಯಿರುವುದರಿಂದ ಅಂಗಡಿಯಲ್ಲಿ ಕೇಳಿದೊಡನೆ ಸಿಗುವುದಿಲ್ಲ, ಬಹಳ ಮುಂಚೆಯೇ ಹೇಳಿಡಬೇಕಾಗುತ್ತದೆ. ಕತ್ತರಿಸಿದ ಅಂಚು ನೀರು ಕುಡಿಯುತ್ತದೆ. ಅದಕ್ಕೆ ಆ ದಿನವೇ ಬಣ್ಣವನ್ನೋ ಸೀಲರನ್ನೋ ಬಳಿಯದಿದ್ದರೆ ಪದರ ಬಿಡಲು ಅಲ್ಲಿಂದಲೇ ಆರಂಭ. ಬಿಸಿಲಿಗೆ ಮೇಲ್ಮೈ ಬಣ್ಣಗೆಡುವುದರಿಂದ ಕೆಲವು ವರ್ಷಗಳಿಗೊಮ್ಮೆ ಹೊರ ಮೈಗೆ ಬಣ್ಣ ಕೊಡುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೊದಿಸುವ ಕ್ರಮದಲ್ಲಿ ಬಡಗಿಗೆ ಒತ್ತಿ ಹೇಳಬೇಕಾದುದು ಸ್ಕ್ರೂಗಳ ವಿಷಯ. ಸ್ಕ್ರೂ ಶೀಟಿನ ಅಲೆಯ ನೆತ್ತಿಯಲ್ಲಿಯೇ ಇಳಿಯಬೇಕು, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ಮೊದಲು ತೂತು ಕೊರೆದು, ರಬ್ಬರ್ ವಾಷರ್ ಹಾಕಿ, ವಾಷರ್ ಚಪ್ಪಟೆಯಾಗುವ ಮುನ್ನ ಬಿಗಿಯುವುದನ್ನು ನಿಲ್ಲಿಸಬೇಕು. ಇಷ್ಟನ್ನು ಎಲ್ಲ ಬಡಗಿಗಳೂ ಬಲ್ಲರು. ಆದರೆ ಶೀಟನ್ನು ಹೊರುವ ಅಡ್ಡಪಟ್ಟಿಯನ್ನು ತೂರಿ ಒಳಗೆ ಇಣುಕುವ ಸ್ಕ್ರೂ ಮೊನೆ ಗೋದಾಮಿನಲ್ಲಿ ಯಾರಿಗೂ ತೊಂದರೆ ಕೊಡದು, ಇಲ್ಲಿ ಮಾತ್ರ ಹಕ್ಕಿಯ ನೆತ್ತಿಯನ್ನು ಸೀಳಬಲ್ಲುದು. ಆದ್ದರಿಂದ ಅಡ್ಡಪಟ್ಟಿಯ ದಪ್ಪಕ್ಕಿಂತ ಗಿಡ್ಡ ಸ್ಕ್ರೂಗಳನ್ನೇ ಆರಿಸಬೇಕು, ಬೋಲ್ಟ್ ಬಳಸಿದಲ್ಲಿ ಗುಮ್ಮಟದಂಥ ನಟ್ಟು ತೊಡಿಸಬೇಕು, ಕೆಲಸ ಮುಗಿದ ಮೇಲೆ ಏಣಿ ಹತ್ತಿ ಇಡೀ ಒಳಮೈ ಮೇಲೆ ಅಂಗೈ ಆಡಿಸಿ ನೋಡಬೇಕು. ಶೀಟುಗಳನ್ನು ಗಾಳಿ ಬರುವ ದಿಕ್ಕಿನ ಎದುರು ತುದಿಯಿಂದ ಜೋಡಿಸುತ್ತ ಬಂದರೆ ಮೇಲು ಹೊದಿಕೆಯ ಅಂಚು ಗಾಳಿಗೆ ಬಾಯಿ ತೆರೆಯುವುದಿಲ್ಲ.

ಚಾವಣಿಯನ್ನು ಪೂರ್ತಿ ಮುಚ್ಚುವುದು ತಪ್ಪು. ಹದ್ದು ಬೆಳಗಿನ ಬಿಸಿಲಿಗೆ ರೆಕ್ಕೆ ಹರಡಿ ಕೂರುವ ಹಕ್ಕಿ, ಮಳೆಯಲ್ಲಿ ಮೀಯುವ ಹಕ್ಕಿ. ವಿಟಮಿನ್ ಡಿಗೆ ಬೇಕಾದ ಕಿರಣಗಳು ಶೀಟನ್ನಾಗಲಿ ಗಾಜನ್ನಾಗಲಿ ದಾಟಿ ಬರುವುದಿಲ್ಲ. ಜೊತೆಗೆ ಗಾಳಿಯಾಡದ ತೇವದ ಜಾಗದಲ್ಲಿ ಬೂಷ್ಟಿನ ಬೀಜಕಣಗಳು ಶ್ವಾಸಕೋಶಕ್ಕೆ ಸೇರಿ ಬರುವ ಆಸ್ಪರ್ಜಿಲೋಸಿಸ್ ಬೇಟೆಹಕ್ಕಿಗಳಿಗೆ ಮಾರಕ. ಮುಂಗಾರು ಮಳೆ ಪಶ್ಚಿಮದ ಕಡೆಯಿಂದ ಬೀಸಿ ಹೊಡೆಯುವುದರಿಂದ ಪಶ್ಚಿಮ ತುದಿಯ ಮೂರನೆಯ ಒಂದು ಭಾಗಕ್ಕೆ ಮಾತ್ರ ಬಿದಿರಿನ ಶೀಟು ಹಾಕಿ, ಪೂರ್ವದ ಉಳಿದ ಭಾಗಕ್ಕೆ ಬಲೆ ಕಟ್ಟಿದೆವು. ಕರಾವಳಿಯಲ್ಲಿ, ಮಂಗಳೂರಿನಂಥ ಮಳೆಯಲ್ಲಿ, ನಾನಾದರೆ ಮುಚ್ಚಿದ ಭಾಗವನ್ನು ಅರ್ಧಕ್ಕೆ ಏರಿಸುತ್ತೇನೆ.

ಬಲೆಯ ಆಯ್ಕೆ ಶೀಟಿಗಿಂತ ಕಷ್ಟದ್ದು. ಕಬ್ಬಿಣದ ವೆಲ್ಡ್‌ಮೆಶ್, ಅಂದರೆ ಬೆಸುಗೆ ಹಾಕಿದ ತಂತಿ ಜಾಲರಿ, ಒಳಮೈಗೆ ಖಂಡಿತ ಕೂಡದು. ಅದಕ್ಕೆ ಬಡಿದ ಗರಿ ಉಳಿಯುವುದಿಲ್ಲ, ಉಗುರು ಸಿಕ್ಕಿಸಿ ಜೋತುಬಿದ್ದ ಹಕ್ಕಿಯ ಮುಖ ಉಜ್ಜಿಹೋಗುತ್ತದೆ. ಅತಿನೇರಳೆ ಕಿರಣ ತಾಳಿಕೊಳ್ಳುವ, ಗಂಟಿಲ್ಲದೆ ನೇಯ್ದ ನೈಲಾನ್ ಬಲೆಯೇ ಸರಿಯಾದ ಆಯ್ಕೆ. ಕೊಳ್ಳುವಾಗ ಬಲೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದು ನೋಡಬೇಕು, ಏಕೆಂದರೆ ಒಬ್ಬ ವ್ಯಾಪಾರಿ ಗಂಟಿಲ್ಲದ್ದೆಂದು ನಮಗೆ ಕಳುಹಿಸಿದ ಸುರುಳಿಯ ಒಳ ಸುತ್ತುಗಳಲ್ಲಿ ಗಂಟುಬಲೆಯೇ ಇತ್ತು. ಬಲೆಯ ಕಣ್ಣಿನ ಅಳತೆ ಹದ್ದಿಗೆ 25 ಮಿಲಿಮೀಟರ್ ಸಾಕು. ಹಾಲಕ್ಕಿಯಂಥ ಪುಟ್ಟ ಗೂಬೆಗೆ ಅದಕ್ಕೂ ಸಣ್ಣದು ಬೇಕು. ಬಲೆ ಸಡಿಲವಾದರೆ ಜೋಲುವ ಮಡಿಕೆಗೆ ಕಾಲುಗುರು ಸಿಕ್ಕುತ್ತದೆ, ಆದ್ದರಿಂದ ನಾಲ್ಕೂ ಅಂಚಿಗೆ ಸ್ಟೀಲ್ ಕೇಬಲ್ ಪೋಣಿಸಿ, ತಿರುಗಿಸಿ ಬಿಗಿಮಾಡುವ ಕೊಂಡಿಯಾದ ಟರ್ನ್‌ಬಕಲ್‌ನಿಂದ ಬಿಗಿಯುವುದೇ ಲೇಸು. ಬೆಕ್ಕು, ಹೆಗ್ಗಣಗಳ ಕಾಟ ತಡೆಯಲು ವೆಲ್ಡ್‌ಮೆಶ್ ಬೇಕೇ ಬೇಕು, ಆದರೆ ಅದು ಬಲೆಯ ಮೇಲೆ ಒಂದು ಗೇಣಿನಷ್ಟು ಅಂತರದಲ್ಲಿ ಇರಲಿ. ಹೊರಗಿನ ಪಂಜ ಒಳಗಿನ ಹಕ್ಕಿಗೆ ಎಟುಕಬಾರದು, ಚಿಮ್ಮಿದ ಹಕ್ಕಿ ಬಲೆಯನ್ನು ಮೇಲಕ್ಕೆ ಒತ್ತಿದರೂ ಕಬ್ಬಿಣ ತಗುಲಬಾರದು.

ಹಣಕ್ಕೆ ತಕ್ಕ ಬೆಲೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ಇರುವ ಹಣದಲ್ಲಿ ಒಂದನ್ನಷ್ಟೇ ಒಳ್ಳೆಯದು ಕೊಳ್ಳಬಹುದಾದರೆ ಬಲೆಗೇ ಖರ್ಚು ಮಾಡಿ, ಮುಚ್ಚುವ ಭಾಗಕ್ಕೆ ಈಗಾಗಲೇ ಇರುವ ತಗಡನ್ನೇ ಉಳಿಸಿಕೊಂಡು, ಅದರ ಕೆಳಗೆ ಒಂದು ಗೇಣು ಬಿಟ್ಟು ಬಿದಿರು ಚಾಪೆಯ ಹಲಗೆಯನ್ನು ಹೊಡೆಯಬಹುದು. ನಡುವಿನ ಗಾಳಿ ಬಿಸಿಯನ್ನೂ ಸದ್ದನ್ನೂ ಸಾಕಷ್ಟು ತಡೆಯುತ್ತದೆ, ಆದರೆ ಆ ಸಂದಿಗೆ ಇಲಿ ಸೇರದಂತೆ ಎರಡೂ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿಯಬೇಕು. ಹೊಸದಾಗಿ ಕಟ್ಟುವವರಿಗೆ ಬಿದಿರಿನ ಶೀಟನ್ನೇ ಹೇಳುತ್ತೇನೆ. ಕೇಬಲ್‌ಗಳ ಬಿಗಿ ಮತ್ತು ಶೀಟಿನ ಅಂಚುಗಳನ್ನು ಜ್ಯೇಷ್ಠ ಮುಗಿಯುವ ಮೊದಲೇ ಒಮ್ಮೆ ನೋಡಿಕೊಳ್ಳುವುದು ಒಳಿತು; ಆಷಾಢ ಬಂದ ಮೇಲೆ ಆವರಣ ತುಂಬಿರುತ್ತದೆ, ಒಳಗೆ ಏಣಿ ಇಡಲು ಆಗುವುದಿಲ್ಲ.